ಪೋರ್ಟಿಕೊ ಮುಚ್ಚಿಸಿದ ಮೇಲೆ ಒಳಗೆಲ್ಲ ಶೀತ, ಮುಗ್ಗಲು ವಾಸನೆ. ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ಸಾಕಾ?

ನೀವು ಬರೆದಿರುವುದು ಇಷ್ಟು: ಕೋಲಾರದಲ್ಲಿ ಮನೆ. ಮುಂದಿನ ಪೋರ್ಟಿಕೊಗೆ ಅರ್ಧ ಗೋಡೆ ಎತ್ತಿಸಿ, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಕೂರಿಸಿ, ಮೇಲೆ ಜಿಐ ಶೀಟ್ (ಸತು ಲೇಪಿಸಿದ ತಗಡು) ಹಾಕಿಸಿದ್ದೀರಿ. ಈಗ ಬೆಳಿಗ್ಗೆ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತದೆ. ಗೋಡೆಯ ಬುಡದಲ್ಲಿ ಬಣ್ಣ ಚಕ್ಕೆ ಏಳುತ್ತಿದೆ, ಬಿಳಿ ಪುಡಿ ಉದುರುತ್ತಿದೆ. ಅತ್ತೆಯವರು ಅಲ್ಲಿಟ್ಟ ರಾಗಿ ಚೀಲದ ತಳಕ್ಕೆ ಬೂಷ್ಟು ಹಿಡಿದಿದೆ. ಪೇಂಟ್ ಅಂಗಡಿಯವರು ವಾಟರ್‌ಪ್ರೂಫ್ ಪೇಂಟ್ ಎರಡು ಕೋಟ್ ಹೊಡೆಸಿ ಅಂದಿದ್ದಾರೆ.

ಬೇಡ, ಈಗಲೇ ಹೊಡೆಸಬೇಡಿ. ನಾನು ಕೋಲಾರ, ಚಿಂತಾಮಣಿ ಕಡೆ ಮನೆ ರಿಪೇರಿ ಕೆಲಸ ಮಾಡಿಸುವವನು. ಇದೇ ತೊಂದರೆಗೆ ಒಳಗಿಂದ ಪೇಂಟ್ ಬಳಿದು, ಮುಂದಿನ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಉಬ್ಬಿ ಕೈಗೆ ಬಂದ ಮನೆಗಳನ್ನು ತುಂಬಾ ನೋಡಿದ್ದೇನೆ. ಗೋಡೆಯೊಳಗಿನ ನೀರಿಗೆ ಹೊರಗೆ ಬರಲು ದಾರಿ ಬೇಕು. ಆ ದಾರಿಯನ್ನೇ ಮುಚ್ಚಿದರೆ ಪೇಂಟನ್ನು ಒಡೆದುಕೊಂಡು ಬರುತ್ತದೆ, ಇಲ್ಲ ಇನ್ನೂ ಮೇಲಕ್ಕೆ ಏರುತ್ತದೆ. ಬುಡಕ್ಕೆ ಟೈಲ್ಸ್ ಅಂಟಿಸಿದರೂ ಇದೇ ಕತೆ.

ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳಿ. ಪೋರ್ಟಿಕೊ ಕಟ್ಟುವುದೇ ಅದು ನೆನೆಯುವ ಜಾಗ ಅಂತ. ಮನೆಯ ಗೋಡೆಗಳಿಗೆ ಪಾಯದ ಮೇಲೆ ಡಿಪಿಸಿ ಅಂತ ಒಂದು ಕಾಂಕ್ರೀಟ್ ಪಟ್ಟಿ ಹಾಕಿರುತ್ತಾರೆ, ನೆಲದ ತೇವ ಮೇಲಕ್ಕೆ ಏರದೆ ಇರಲಿ ಅಂತ. ಪೋರ್ಟಿಕೊಗೆ ಅದೆಲ್ಲ ಯಾರೂ ಮಾಡುವುದಿಲ್ಲ. ಮಣ್ಣು ತುಂಬಿ, ಗುದ್ದಿ, ಮೇಲೆ ಕಾಂಕ್ರೀಟ್ ಹಾಸಿ ಟೈಲ್ಸ್ ಕೂರಿಸಿರುತ್ತಾರೆ. ನೆಲ ಹಾಲ್‌ಗಿಂತ ಒಂದು ಮೆಟ್ಟಿಲು ಕೆಳಗಿರುತ್ತದೆ. ಗಾಳಿ ಬಿಸಿಲು ಆಡುವ ತನಕ ಎಲ್ಲ ಸರಿ, ಬೆಳಿಗ್ಗೆ ನೆನೆದದ್ದು ಮಧ್ಯಾಹ್ನಕ್ಕೆ ಒಣಗುತ್ತದೆ. ನೀವು ಮುಚ್ಚಿಸಿದ ದಿನದಿಂದ ನೀರು ಬರುವುದು ನಿಲ್ಲಲಿಲ್ಲ, ಒಣಗುವುದು ಮಾತ್ರ ನಿಂತಿತು.

ನೀರು ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ದುಡ್ಡು ಖರ್ಚಿಲ್ಲದ ಪರೀಕ್ಷೆ ಇದೆ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಎರಡು ಅಡಿ ಚೌಕಕ್ಕೆ ಕತ್ತರಿಸಿ. ನೆಲದಲ್ಲಿ ಟೈಲ್ಸ್ ಸಂದು ಒಳಗೆ ಬರುವ ಹಾಗೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಇನ್ನೊಂದನ್ನು ಗೋಡೆಯ ಬುಡಕ್ಕೆ, ಚಕ್ಕೆ ಎದ್ದ ಬಣ್ಣ ಕೆರೆದು, ಅಂಟಿಸಿ. ಒಂದು ದಿನ ಬಿಟ್ಟು ಬೆಳಿಗ್ಗೆ ನೋಡಿ. ಹಾಳೆಯ ಅಡಿಯಲ್ಲಿ ಹನಿ ಇದ್ದರೆ ತೇವ ನೆಲದಿಂದ ಅಥವಾ ಗೋಡೆಯಿಂದ ಬರುತ್ತಿದೆ. ಮೇಲ್ಮೈ ಒದ್ದೆಯಾಗಿ ಅಡಿ ಒಣಗಿದ್ದರೆ ಅದು ಒಳಗಿನ ಗಾಳಿಯ ತೇವ. ನಿಮ್ಮ ಲಕ್ಷಣ ನೋಡಿದರೆ ಎರಡೂ ಇರಬೇಕು.

ಗಾಜಿನ ನೀರಿನ ಬಗ್ಗೆ ಮೊದಲು ಹೇಳುತ್ತೇನೆ. ನೀವು ಬರೆಯದೆ ಬಿಟ್ಟಿರುವ ಒಂದು ಮಾತು ಕೇಳುತ್ತೇನೆ: ಸಂಪು ಎಲ್ಲಿದೆ? ನಮ್ಮ ಕಡೆ ಮುಕ್ಕಾಲು ಮನೆಗಳಲ್ಲಿ ಅದು ಪೋರ್ಟಿಕೊ ಕೆಳಗೇ ಇರುತ್ತದೆ. ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲ ಅಲ್ಲಿಗೇ ಬಿಡುವುದು ಅಲ್ವಾ? ಚಳಿಗಾಲದಲ್ಲಿ ಸಂಪಿನ ನೀರು ರಾತ್ರಿಯ ಗಾಳಿಗಿಂತ ಬೆಚ್ಚಗಿರುತ್ತದೆ. ಮುಚ್ಚಳದ ಸಂದಿನಿಂದ ಆವಿ ಇಡೀ ರಾತ್ರಿ ಮೇಲೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಬೆಳಗಿನ ಜಾವ 14-15 ಡಿಗ್ರಿಗೆ ಇಳಿಯುವುದು ಸಾಮಾನ್ಯ. 25 ಡಿಗ್ರಿಯ ಗಾಳಿ ಒಂದು ಘನ ಮೀಟರ್‌ಗೆ ಸುಮಾರು 23 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು, 15 ಡಿಗ್ರಿಗೆ ಬಂದರೆ 13 ಗ್ರಾಂ ಅಷ್ಟೇ. ಹೆಚ್ಚಾದದ್ದು ತಣ್ಣಗಿರುವ ಗಾಜಿಗೆ, ತಗಡಿಗೆ ಹನಿಯಾಗಿ ಅಂಟುತ್ತದೆ. ತಗಡಂತೂ ರಾತ್ರಿ ಆಕಾಶಕ್ಕೆ ಬಿಸಿ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ. ಎಷ್ಟೋ ಜನ ಇದನ್ನು ಶೀಟ್ ಸೋರುತ್ತಿದೆ ಅಂದುಕೊಂಡು ಮೇಲೆ ಹತ್ತಿ ಟಾರ್ ಬಳಿಸುತ್ತಾರೆ. ಮಳೆ ಇಲ್ಲದ ಬೆಳಿಗ್ಗೆ ತೊಟ್ಟಿಕ್ಕಿದರೆ ಅದು ಸೋರಿಕೆ ಅಲ್ಲ.

ಸಂಪು ಒಳಗೇ ಇದ್ದರೆ ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ ಹಾಕಿಸಿ ಬಿಗಿಯಾಗಿ ಕೂರುವ ಹಾಗೆ ಮಾಡಿಸಿ. ಸಂಪಿನಿಂದ ಒಂದು ಪಿವಿಸಿ ಪೈಪನ್ನು ಹೊರಗೋಡೆ ದಾಟಿಸಿ, ತುದಿಗೆ ಬಗ್ಗಿದ ಬೆಂಡ್, ಸೊಳ್ಳೆ ಜಾಲರಿ ಕಟ್ಟಿಸಿ. ಆವಿ ಹೊರಗೆ ಹೋಗಲಿ. ಇನ್ನು ಸಂಪು ತೊಳೆಯಲು ಯಾರನ್ನಾದರೂ ಇಳಿಸುವ ಮುಂಚೆ ಕಿಟಕಿ, ಬಾಗಿಲು, ಮುಚ್ಚಳ ಎಲ್ಲ ತೆರೆದು ತುಂಬಾ ಹೊತ್ತು ಗಾಳಿಯಾಡಲು ಬಿಡಿ. ಒಬ್ಬರನ್ನೇ ಯಾವತ್ತೂ ಇಳಿಸಬೇಡಿ, ಮೇಲೊಬ್ಬರು ಇರಲೇಬೇಕು. ಮುಚ್ಚಿದ ಜಾಗದ ಸಂಪಿನಲ್ಲಿ ಉಸಿರಾಡುವ ಗಾಳಿ ಕಡಿಮೆ ಇರುತ್ತದೆ. ಇದು ಜೀವದ ವಿಷಯ.

ಒಳಗೆ ಬಟ್ಟೆ ಒಣಗಿಸುವುದು ನಿಲ್ಲಿಸಿ. ಹೊಸ ರಾಗಿ ಸರಿಯಾಗಿ ಒಣಗದೆ ಚೀಲ ಸೇರಿದ್ದರೆ ಅದೂ ತೇವ ಬಿಡುತ್ತದೆ. ಅತ್ತೆಯವರಿಗೆ ಹೇಳಿ, ಚೀಲಗಳನ್ನು ಬಿಸಿಲಿಗೆ ಹರಡಿ, ಆಮೇಲೆ ಮನೆಯೊಳಗೆ ಹಲಗೆ ಮೇಲೆ, ಗೋಡೆಯಿಂದ ಅರ್ಧ ಅಡಿ ದೂರ ಇಡಲಿ. ಬೂಷ್ಟು ಹಿಡಿದ ಕಾಳನ್ನು ಕೇರಿ ತಿನ್ನಲು ಹೋಗಬೇಡಿ.

ಗಾಳಿಗೆ ಎದುರುಬದುರು ದಾರಿ ಬೇಕು. ಒಂದು ಕಡೆ ಕೆಳಗೆ, ಇನ್ನೊಂದು ಕಡೆ ತಗಡಿನ ಹತ್ತಿರ ಮೇಲೆ. ಕಿಟಕಿಯವರಿಗೆ ಹೇಳಿ ಮೇಲಿನ ಒಂದು ಗಾಜಿನ ಜಾಗಕ್ಕೆ ಜಾಲರಿ ಇರುವ ಲೂವರ್ (ಓರೆ ಪಟ್ಟಿಗಳ ಗಾಳಿಕಿಂಡಿ) ಹಾಕಿಸಿ, ಅದನ್ನು ರಾತ್ರಿಯೂ ಮುಚ್ಚಬೇಡಿ. ಚಳಿ ಆಗುತ್ತದೆ ಅಂತ ಪೂರ್ತಿ ಮುಚ್ಚಿದಷ್ಟೂ ಗಾಜು ಬೆವರುವುದು ಜಾಸ್ತಿ. ಬೆಳಿಗ್ಗೆ ಮಂಜು ಕರಗಿ ಬಿಸಿಲು ಬಿದ್ದ ಮೇಲೆ ಎಲ್ಲ ಕಿಟಕಿ ತೆಗೆದು ಸಂಜೆವರೆಗೆ ಬಿಡಿ. ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್‌ಗೆ ದುಡ್ಡು ಹಾಕಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಒಣ ಗಾಳಿಯೇ ಆ ಕೆಲಸ ಪುಕ್ಕಟೆ ಮಾಡುತ್ತದೆ.

ಮಳೆ ನೀರಿನ ವಿಷಯ ಬೇಗ ಮುಗಿಸುತ್ತೇನೆ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕ್‌ನಲ್ಲಿ ಹೊರಮುಖಕ್ಕೆ ಸಣ್ಣ ಸೀಳು ಇರುತ್ತದೆ, ಒಳಗೆ ನಿಂತ ನೀರು ಹೊರಗೆ ಹೋಗಲು. ಬಗ್ಗಿ ನೋಡಿ. ಕೆಂಪು ಧೂಳು, ಸತ್ತ ಇರುವೆ, ಕೂದಲು ಸೇರಿ ಗಟ್ಟಿಯಾಗಿರುತ್ತದೆ, ಇಲ್ಲವೇ ಕೂರಿಸಿದವರೇ ಸಿಲಿಕಾನ್ ಬಳಿದು ಮುಚ್ಚಿರುತ್ತಾರೆ. ತೆಂಗಿನ ಪೊರಕೆ ಕಡ್ಡಿಯಿಂದ ಚುಚ್ಚಿ ಬಿಡಿಸಿ, ಒಂದು ಲೋಟ ನೀರು ಸುರಿಯಿರಿ. ನೀರು ಹೊರಗೆ ಹೋದರೆ ಸರಿ. ಒಳಗೆ ಬಂದರೆ ಕಿಟಕಿ ಒಳಕ್ಕೆ ವಾಲಿದೆ, ಬಿಚ್ಚಿ ಕೂರಿಸಬೇಕು. ತಗಡು ಮನೆ ಗೋಡೆಗೆ ಸೇರುವ ಜಾಗದಲ್ಲಿ ಬರೀ ಸಿಮೆಂಟ್ ಮೆತ್ತಿದ್ದರೆ ಅದು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಗೋಡೆಯಲ್ಲಿ ಉದ್ದಕ್ಕೆ ಸೀಳು ಕೊರೆದು ತಗಡಿನ ಪಟ್ಟಿಯನ್ನು ಒಳಗೆ ಸೇರಿಸಿ ಕೆಳಕ್ಕೆ ಮಡಿಸಬೇಕು. ಸ್ಕ್ರೂಗಳ ರಬ್ಬರ್ ವಾಷರ್ ಸೀಳಿದ್ದರೆ ಬದಲಾಯಿಸಿ.

ಕಷ್ಟದ ಕೆಲಸ ಗೋಡೆಯ ಬುಡದ್ದು. ಆ ಬಿಳಿ ಪುಡಿ ಉಪ್ಪು. ನಮ್ಮ ಕಡೆ ಸಾವಿರ ಅಡಿ ಕೊರೆದ ಗಡುಸು ನೀರಿನಲ್ಲೇ ಗಾರೆ ಕಲಸಿ, ಅದೇ ನೀರು ಹಾಕಿ ನೆನೆಸಿ ಕ್ಯೂರಿಂಗ್ ಮಾಡಿರುತ್ತಾರೆ. ಜೊತೆಗೆ ಮಣ್ಣಿನ ಉಪ್ಪು. ತೇವ ಮೇಲೆ ಬಂದು ಆರುವಾಗ ಉಪ್ಪು ಗೋಡೆಯ ಮೈಮೇಲೆ ಉಳಿದು ಪ್ಲಾಸ್ಟರನ್ನು ತಳ್ಳುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಹೊರಗೆ ನೆಲದ ಮಟ್ಟ ನೋಡಿ. ರಸ್ತೆಗೆ ಮೇಲಿಂದ ಮೇಲೆ ಕಾಂಕ್ರೀಟ್ ಹಾಕಿ ಹಾಕಿ ಅಂಗಳವೇ ತಗ್ಗಾಗಿರಬಹುದು. ಗೋಡೆಗೆ ತಾಗಿಸಿ ಹೂವಿನ ಗಿಡದ ಮಣ್ಣು ಏರಿಸಿರಬಹುದು. ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತೀರಲ್ಲ, ಆ ನೀರು ಯಾವ ಕಡೆ ಹರಿಯುತ್ತದೆ ಅಂತ ನಾಳೆ ನಿಂತು ನೋಡಿ. ಗೋಡೆ ಕಡೆಗೇ ಬಂದರೆ ಅರ್ಧ ಕಾರಣ ಅದೇ. ಹೊರಗಿನ ಮಣ್ಣು ಒಳನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು. ಗೋಡೆ ಪಕ್ಕ ಮೂರಡಿ ಅಗಲ ಕಾಂಕ್ರೀಟ್ ಹಾಸಿ, ಹೊರಕ್ಕೆ ಒಂದು ಇಂಚು ಇಳಿಜಾರು ಕೊಡಿಸಿ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಕೋಡಿ ಹರಿದಾಗ, ಅದುವರೆಗೆ ಶೀತವನ್ನೇ ಕಾಣದ ಗೋಡೆಗಳೂ ನೆನೆದವು. ಈ ಇಳಿಜಾರು ಸರಿ ಇದ್ದ ಮನೆಗಳು ಬೇಗ ಒಣಗಿದವು.

ಇಷ್ಟಾದರೂ ಹಾಳೆಯ ಅಡಿ ಹನಿ ಬರುತ್ತಿದ್ದರೆ, ಗೋಡೆಗೆ ತೂತು ಹೊಡೆದು ಕೆಮಿಕಲ್ ತುಂಬಿಸುವುದಕ್ಕಿಂತ ಅರ್ಧ ಗೋಡೆಯನ್ನೇ ಬಿಚ್ಚಿ ಕಟ್ಟಿಸಿ ಅಂತ ನನ್ನ ಸಲಹೆ. ನಾಲ್ಕಿಂಚಿನ ಬ್ಲಾಕ್, ಎರಡೂವರೆ ಅಡಿ ಎತ್ತರ, ದೊಡ್ಡ ಕೆಲಸವಲ್ಲ. ಕೆಳಗೆ ಎರಡು ಇಂಚು ದಪ್ಪದ ಡಿಪಿಸಿ ಹಾಕಿಸಿ. ಮನೆಯ ಮುಖ್ಯ ಗೋಡೆಯಲ್ಲಿ ಶೀತ ಇದ್ದರೆ, ಕಲೆಗಿಂತ ಒಂದಡಿ ಮೇಲಿನ ತನಕ ಪ್ಲಾಸ್ಟರ್ ಕಿತ್ತು ಬೇಸಿಗೆ ಪೂರ್ತಿ ಹಾಗೇ ಬಿಡಿ. ಆಮೇಲೆ ಒಂದು ಭಾಗ ಸಿಮೆಂಟ್, ಒಂದು ಭಾಗ ಸುಣ್ಣ, ಆರು ಭಾಗ ಮರಳಿನ ಗಾರೆ. ಕಲಸಲು, ಕ್ಯೂರಿಂಗ್‌ಗೆ ಸಿಹಿ ನೀರು. ಒಣಗಿದ ಮೇಲೆ ಸುಣ್ಣ ಹೊಡೆಸಿ, ಅದರಲ್ಲಿ ಗೋಡೆ ಉಸಿರಾಡುತ್ತದೆ.

ಟೈಲ್ಸ್ ಮೇಲಿನ ಬೂಷ್ಟನ್ನು ಸೋಪಿನ ನೀರಿನಲ್ಲಿ ಉಜ್ಜಿ ಒರೆಸಿದರೆ ಸಾಕು. ಬ್ಲೀಚಿಂಗ್ ಪುಡಿ ಬಳಸಿದರೆ ಅದರ ಜೊತೆ ಬಾತ್‌ರೂಮ್ ಆಸಿಡ್ ಖಂಡಿತ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಮೂಗಿಗೆ ಮಾಸ್ಕ್ ಇರಲಿ, ಮನೆಯಲ್ಲಿ ಉಬ್ಬಸದವರಿದ್ದರೆ ಅವರು ದೂರ ಇರಲಿ.

ಇದೆಲ್ಲಕ್ಕಿಂತ ಮೊದಲು, ಇವತ್ತೇ ಮಾಡಬೇಕಾದ್ದು ಒಂದಿದೆ. ಮೋಟಾರಿನ ಸ್ಟಾರ್ಟರ್ ಅಥವಾ ಸ್ವಿಚ್ ಬೋರ್ಡ್ ಆ ಒದ್ದೆ ಗೋಡೆಯ ಮೇಲಿದೆಯಾ ನೋಡಿ. ಇದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಒಣ ಗೋಡೆಗೆ ಬದಲಾಯಿಸಿ, ಆ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ. ಅದು ಮುಗಿಯುವ ತನಕ ಮಕ್ಕಳನ್ನು ಆ ಗೋಡೆ ಹತ್ತಿರ ಬಿಡಬೇಡಿ.