ನಾಲ್ಕನೇ ಕ್ವಾರ್ಟರ್‌ಗೆ ಮುಂಚೆ ಟಿವಿ ಆರಿಸಬೇಡಿ

ಓದುಗರ ಪತ್ರ: ನಾನು ಮೈಸೂರಿನವಳು. ಸದ್ಯ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ ಮಗನ ಮನೆಯಲ್ಲಿದ್ದೇನೆ. ಆಗಸ್ಟ್ ಬಂತೆಂದರೆ ಅವನು ಸೀಹಾಕ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ನೋಡಲು ಕೂರುತ್ತಾನೆ. ಇವು ಲೆಕ್ಕಕ್ಕಿಲ್ಲದ ಪಂದ್ಯಗಳಂತೆ. ಮತ್ತೆ ನೋಡೋದ್ಯಾಕೆ? ಅರ್ಧ ಆಟ ಮುಗಿದ ಮೇಲೆ ನಾನಂತೂ ಮಲಗಲು ಹೋಗುತ್ತೇನೆ. ತಿಂಗಳ ಕೊನೆಗೆ 90 ಜನರಲ್ಲಿ 37 ಜನರನ್ನು ಕಳಿಸಿಬಿಡುತ್ತಾರಂತೆ. ಅವರ ಗತಿ ಅಲ್ಲಿಗೆ ಮುಗಿಯಿತಾ? 2012ರಲ್ಲಿ ಕೋಟಿ ಡಾಲರ್ ಕೊಟ್ಟು ತಂದವನನ್ನು ಕೂರಿಸಿ ಹೊಸ ಹುಡುಗನನ್ನು ಆಡಿಸಿದರು ಅಂತ ಮಗ ಹೆಮ್ಮೆಯಿಂದ ಹೇಳುತ್ತಾನೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಆಯ್ತಲ್ವಾ? ಇನ್ನೊಂದು, ಒಂದೇ ತಂಡದಲ್ಲಿ ಇಬ್ಬರ ಬೆನ್ನ ಮೇಲೆ ಒಂದೇ ನಂಬರ್ ನೋಡಿದೆ. ಅದು ಹೇಗೆ?

ಸಂಪಾದಕರ ಉತ್ತರ: ನೀವು ಮಲಗಲು ಹೋಗುವ ಹೊತ್ತಿಗೇ ನಿಜವಾದ ಆಟ ಶುರುವಾಗುತ್ತದೆ ಅಮ್ಮಾ. ಪ್ರೀಸೀಸನ್‌ನಲ್ಲಿ, ಅಂದರೆ ಲೀಗ್ ಶುರುವಾಗುವ ಮುಂಚಿನ ಈ ತಯಾರಿ ಪಂದ್ಯಗಳಲ್ಲಿ, ದೊಡ್ಡ ಹೆಸರಿನವರು ಒಂದಷ್ಟು ಹೊತ್ತು ಆಡಿ, ಟೋಪಿ ಹಾಕಿಕೊಂಡು ಬದಿಗೆ ನಿಲ್ಲುತ್ತಾರೆ. ಅವರ ಕೆಲಸಕ್ಕೆ ಕುತ್ತಿಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ, ಅಂದರೆ ಆಟದ ಕೊನೆಯ ಕಾಲು ಭಾಗದಲ್ಲಿ, ಬೆವರು ಸುರಿಸುವವರಿಗೆ ಇನ್ನೂ ಕೆಲಸವೇ ಸಿಕ್ಕಿಲ್ಲ. ಆಗಸ್ಟ್ ಪೂರ್ತಿ ಅವರಿಗೆ ಸಿಗುವುದು ಖರ್ಚಿಗೆ ಅಂತ ಕೊಡುವ ಭತ್ಯೆ. ಪೂರಾ ಸಂಬಳ ಸೆಪ್ಟೆಂಬರ್‌ನಲ್ಲಿ, ಕೊನೆಗೆ ಉಳಿಯುವ 53ರ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ.

ಹಾಗಂತ ಸ್ಕೋರ್ ನೋಡಿ ತೀರ್ಮಾನಕ್ಕೆ ಬರಬೇಡಿ. ಯಾರು ಯಾರ ಎದುರು ಆಡುತ್ತಿದ್ದಾರೆ ಅಂತ ನೋಡಿ. ನಾಲ್ಕನೇ ಕ್ವಾರ್ಟರ್‌ನಲ್ಲಿ ಎದುರಾಳಿಯ ಮೂರನೇ ಸಾಲಿನವರನ್ನು ದಾಟಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು) ಹೊಡೆದರೆ, ಅದು ಅಳಿದೂರಿಗೆ ಉಳಿದವನೇ ಗೌಡ ಅನ್ನೋ ಹಾಗೆ. ಕೋಚ್‌ಗೂ ಅದು ಗೊತ್ತಿರುತ್ತದೆ. ನಿಮ್ಮ ಮಗ ಹೇಳುವ 2012ರ ಕತೆಯಲ್ಲಿ ಸ್ವಾರಸ್ಯ ಇರುವುದೂ ಇಲ್ಲೇ.

ಆ ವರ್ಷದ ಮಾರ್ಚ್‌ನಲ್ಲಿ ಸೀಹಾಕ್ಸ್ ಗ್ರೀನ್ ಬೇ ತಂಡದಿಂದ ಮ್ಯಾಟ್ ಫ್ಲಿನ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಚೆಂಡೆಸೆದು ಆಟ ನಡೆಸುವವನನ್ನು, ತಂದಿತು. ಮೂರು ವರ್ಷದ ಒಪ್ಪಂದ. ಅದರಲ್ಲಿ ಒಂದು ಕೋಟಿ ಡಾಲರ್ ಏನೇ ಆದರೂ ಕೊಡಲೇಬೇಕಾದ್ದು. ಅವನು ಗ್ರೀನ್ ಬೇಯಲ್ಲಿ ಬದಲಿ ಆಟಗಾರ. ಆದರೆ 2012ರ ಜನವರಿ 1ರಂದು ಡೆಟ್ರಾಯಿಟ್ ಎದುರು ಅವಕಾಶ ಸಿಕ್ಕಾಗ ಒಂದೇ ಪಂದ್ಯದಲ್ಲಿ 480 ಗಜ, 6 ಟಚ್‌ಡೌನ್ ಎಸೆದಿದ್ದ. ಆ ಒಂದು ದಿನದ ಬೆಲೆ ಅದು. ಹಿಂದಿನ ವರ್ಷ ತಂಡ ನಡೆಸಿದ್ದ ಟಾರ್ವಾರಿಸ್ ಜಾಕ್ಸನ್ ಇನ್ನೂ ಅಲ್ಲೇ ಇದ್ದ. ಇವರಿಬ್ಬರು ಸಾಲದು ಅಂತ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸುವುದು), ಮೂರನೇ ಸುತ್ತಿನಲ್ಲಿ, 75ನೆಯವನಾಗಿ ರಸೆಲ್ ವಿಲ್ಸನ್ ಬಂದ. ಎತ್ತರ ಐದು ಅಡಿ ಹನ್ನೊಂದು ಇಂಚೂ ಪೂರ್ತಿ ಇಲ್ಲ. ಮುಂದೆ ಆರೂವರೆ ಅಡಿ ಆಳುಗಳು ಗೋಡೆ ಕಟ್ಟಿ ನಿಂತಿರುವಾಗ ಇವನಿಗೆ ಆಚೆ ಏನು ಕಾಣಬೇಕು ಅಂತ ಎಲ್ಲರೂ ಕೇಳಿದವರೇ. ನಾಲ್ಕು ವರ್ಷಕ್ಕೆ ಅವನ ಸಂಬಳ ಸುಮಾರು 30 ಲಕ್ಷ ಡಾಲರ್.

ಕೋಚ್ ಪೀಟ್ ಕ್ಯಾರಲ್ ಮೂವರಿಗೂ ಪೈಪೋಟಿ ಅಂದರು. ಹಾಗೆ ಎಲ್ಲ ಕೋಚ್‌ಗಳೂ ಹೇಳುತ್ತಾರೆ, ಬಿಡಿ. ಮೊದಲ ಪಂದ್ಯ ಟೆನೆಸ್ಸಿ ಎದುರು. ಫ್ಲಿನ್ ಶುರು ಮಾಡಿದ. ವಿಲ್ಸನ್ ಎರಡನೇ ಅರ್ಧಕ್ಕೆ ಬಂದ, ಚೆಂಡು ಯಾರಿಗೂ ಕೊಡದೆ 32 ಗಜ ಓಡಿ ಟಚ್‌ಡೌನ್ ಹೊಡೆದ. ಚಪ್ಪಾಳೆ ಏನೋ ಬಿತ್ತು. ಆದರೆ ಎದುರಿದ್ದವರು ಯಾರು? ಹಿಂದಿನ ಸಾಲಿನವರು. ಡೆನ್ವರ್‌ನಲ್ಲೂ ಇದೇ ಕತೆ.

ಆಮೇಲೆ ಕ್ಯಾರಲ್ ಮಾಡಿದ್ದು ನನಗೆ ತುಂಬಾ ಹಿಡಿಸಿತು. ಆಗಸ್ಟ್ 24ರಂದು ಕನ್ಸಾಸ್ ಸಿಟಿಯಲ್ಲಿ ಮೂರನೇ ಪಂದ್ಯ. ಆಗೆಲ್ಲ ಎರಡೂ ಕಡೆಯ ಮುಖ್ಯ ಆಟಗಾರರು ಜಾಸ್ತಿ ಹೊತ್ತು ಆಡುತ್ತಿದ್ದದ್ದು ಅದರಲ್ಲೇ. ಅದನ್ನು ವಿಲ್ಸನ್ ಕೈಗೆ ಕೊಟ್ಟರು. ಫ್ಲಿನ್‌ಗೆ ಆ ವಾರ ಮೊಣಕೈ ನೋವು ಬೇರೆ. ಅದೃಷ್ಟದ ಪಾಲೂ ಇತ್ತು ಅನ್ನಿ. ವಿಲ್ಸನ್ 19 ಎಸೆತದಲ್ಲಿ 13 ಮುಟ್ಟಿಸಿದ, 185 ಗಜ, 2 ಟಚ್‌ಡೌನ್. ತಂಡ 44-14ರಲ್ಲಿ ಗೆದ್ದಿತು. ಎರಡು ದಿನ ಬಿಟ್ಟು ಅವನೇ ಮುಖ್ಯ ಕ್ವಾರ್ಟರ್‌ಬ್ಯಾಕ್ ಅಂತ ಹೇಳಿಬಿಟ್ಟರು. ಅದೇ ದಿನ ಜಾಕ್ಸನ್‌ನನ್ನು ಬಫಲೋಗೆ ಕಳಿಸಿದರು. ಸ್ಟಾರ್ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಟೆರೆಲ್ ಓವೆನ್ಸ್‌ನನ್ನೂ ಕೈಬಿಟ್ಟರು. ಮೂವತ್ತೆಂಟರ ಓವೆನ್ಸ್ ಡೆನ್ವರ್‌ನಲ್ಲಿ ಕೈಗೆ ಬಂದ ಚೆಂಡು ಬಿಟ್ಟಿದ್ದ. ಆಗಸ್ಟ್‌ನಲ್ಲಿ ಹಳೆಯ ಹೆಸರು ಅಷ್ಟೇ ದೂರ ನಡೆಯುತ್ತದೆ.

ಈಗ ನಿಮ್ಮ ಕೋಡಂಗಿ ಮಾತಿಗೆ ಬರೋಣ. ಕೊಟ್ಟ ದುಡ್ಡು ಹೋಯಿತು, ಅವನನ್ನು ಆಡಿಸಿದರೂ ಅದು ವಾಪಸ್ ಬರಲ್ಲ. ದುಡ್ಡು ಕೊಟ್ಟಿದ್ದೇವೆ ಅಂತ ಹಳಸಿದ ಅನ್ನ ತಿನ್ನುವವರನ್ನು ಏನನ್ನಬೇಕು? ಬಹಳ ತಂಡಗಳು ಅದನ್ನೇ ಮಾಡುತ್ತವೆ. ಪೈಪೋಟಿ ಅಂತ ಬೋರ್ಡ್ ಹಾಕಿ, ಅಭ್ಯಾಸದಲ್ಲಿ ಹೆಚ್ಚು ಸರದಿ ದುಬಾರಿ ಆಟಗಾರನಿಗೇ ಕೊಡುತ್ತವೆ. ಸರದಿ ಸಿಗದವನು ಏನು ತೋರಿಸಬೇಕು, ಹೇಳಿ? ಫ್ಲಿನ್ 2013ರ ಏಪ್ರಿಲ್‌ನಲ್ಲಿ ಓಕ್‌ಲ್ಯಾಂಡ್‌ಗೆ ಹೋದ. 2014ರ ಫೆಬ್ರವರಿಯಲ್ಲಿ ವಿಲ್ಸನ್ ಡೆನ್ವರ್ ಎದುರು 43-8ರಲ್ಲಿ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದ. ಅಷ್ಟರಲ್ಲಿ ಜಾಕ್ಸನ್ ತಿರುಗಿ ಸಿಯಾಟಲ್‌ಗೇ ಬಂದಿದ್ದ. ಆ ಪಂದ್ಯದ ಕೊನೆಯಲ್ಲಿ ವಿಲ್ಸನ್ ಬದಲು ಮೈದಾನಕ್ಕಿಳಿದವನು ಅವನೇ.

ಕ್ವಾರ್ಟರ್‌ಬ್ಯಾಕ್ ಕತೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಇಷ್ಟವಾದದ್ದು ಅದೇ ಆಗಸ್ಟ್‌ನ ಜೆ. ಆರ್. ಸ್ವೀಜಿ ಕತೆ. ಕಾಲೇಜಿನಲ್ಲಿ ಅವನು ಡಿಫೆನ್ಸ್‌ನವನು, ಅಂದರೆ ಎದುರಾಳಿಯನ್ನು ತಡೆಯುವ ಕಡೆಯವನು. ಏಳನೇ ಸುತ್ತಿನಲ್ಲಿ ಅವನನ್ನು ಆರಿಸಿ, ನಾಳೆಯಿಂದ ನೀನು ಆಫೆನ್ಸ್‌ನಲ್ಲಿ (ಚೆಂಡು ಹಿಡಿದು ಆಡುವ ಕಡೆ) ಗಾರ್ಡ್, ಅಂದರೆ ಕ್ವಾರ್ಟರ್‌ಬ್ಯಾಕ್ ಮುಂದಿನ ಗೋಡೆಯಲ್ಲಿ ಒಬ್ಬ, ಅಂದರು. ಜೀವಮಾನವಿಡೀ ಮುಂದೆ ನುಗ್ಗಿದವನು ಈಗ ಹಿಂದಕ್ಕೆ ಹೆಜ್ಜೆ ಇಡಬೇಕು. ಸೊಂಟ ತಗ್ಗಿಸಬೇಕು, ಕೈ ಎದೆ ಮುಂದೆ ಇರಬೇಕು, ಎದುರಿನವನು ನುಗ್ಗಲಿ ಅಂತ ಕಾಯಬೇಕು. ಬಲಗೈಲಿ ಊಟ ಮಾಡುವವರಿಗೆ ಎಡಗೈಲಿ ತಿನ್ನು ಅಂದ ಹಾಗೆ. ಸೆಪ್ಟೆಂಬರ್‌ನ ಮೊದಲ ಪಂದ್ಯದಲ್ಲಿ ಅರಿಜೋನಾ ಎದುರು ಅವನೇ ಬಲ ಗಾರ್ಡ್. ಆ ಪಂದ್ಯ 20-16ರಲ್ಲಿ ಸೋತರು ಅನ್ನೋದು ಬೇರೆ ಮಾತು. ಈ ಗೋಡೆಯ, ಅಂದರೆ ಲೈನ್‌ನ, ಆಟಗಾರರು ಗುಂಪಲ್ಲಿ ಗೋವಿಂದ ಇದ್ದ ಹಾಗೆ, ತಪ್ಪು ಮಾಡಿದಾಗ ಮಾತ್ರ ಹೆಸರು ಕೇಳಿಸುತ್ತದೆ. ಮುಂದಿನ ಸಲ ಚೆಂಡನ್ನು ಬಿಟ್ಟು ಒಬ್ಬ ಗಾರ್ಡ್‌ನ ಕಾಲನ್ನೇ ನೋಡಿ.

ಕಳಿಸಿದವರ ಗತಿ ಕೇಳಿದ್ದೀರಿ. 32 ತಂಡ, ತಲಾ 37 ಜನ ಅಂದರೆ 1,184 ಹುಡುಗರು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹೊರಗೆ. ಕೋಚ್ ಕರೀತಿದ್ದಾರೆ, ಪ್ಲೇಬುಕ್ (ತಂಡದ ಆಟದ ತಂತ್ರಗಳ ಪುಸ್ತಕ) ತಗೊಂಡು ಬಾ ಅಂತ ಹೇಳಲು ಒಬ್ಬ ಬರುತ್ತಾನೆ. ಎಲ್ಲರೂ ಕಣ್ಣು ತಪ್ಪಿಸುವುದು ಅವನಿಗೇ. ಹೊಸಬರಾದರೆ ಬೇರೆ ತಂಡ 24 ಗಂಟೆಯೊಳಗೆ ಅವರನ್ನು ಎತ್ತಿಕೊಳ್ಳಬಹುದು. ಯಾರೂ ಕೇಳದಿದ್ದರೆ ಅಭ್ಯಾಸ ಪಡೆಗೆ ಅದೇ ತಂಡ ಕರೆಯಬಹುದು. 2012ರಲ್ಲಿ ಅದರಲ್ಲಿ ಎಂಟು ಜಾಗ, ಈಗ ಹದಿನಾರು. ಹೆಚ್ಚಿನವರಿಗೆ ಎರಡೂ ಸಿಗಲ್ಲ. ಅದನ್ನು ಸಿಹಿ ಮಾಡಿ ಹೇಳಲಾರೆ.

ಸಿಕ್ಕವರಲ್ಲಿ ಒಬ್ಬ ಜರ್ಮೇನ್ ಕಿಯರ್ಸ್. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೇ ಆಡಿದ ರಿಸೀವರ್. ಡ್ರಾಫ್ಟ್‌ನಲ್ಲಿ ಯಾರಿಗೂ ಬೇಕಾಗಲಿಲ್ಲ. 2012ರ ಕೊನೆಯ ಕತ್ತರಿಯಲ್ಲಿ ಸೀಹಾಕ್ಸ್ ಕೂಡ ಬಿಟ್ಟಿತು, ಆಮೇಲೆ ಅಭ್ಯಾಸ ಪಡೆಗೆ ಸೇರಿಸಿಕೊಂಡಿತು. 2014ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎದುರು ನಾಲ್ಕನೇ ಕ್ವಾರ್ಟರ್, ನಾಲ್ಕನೇ ಡೌನ್, ಅಂದರೆ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದು. ವಿಲ್ಸನ್ ಎಸೆದ 35 ಗಜದ ಟಚ್‌ಡೌನ್ ಹಿಡಿದದ್ದು ಇವನು. ಸೂಪರ್ ಬೌಲ್‌ಗೆ ದಾರಿ ತೆರೆದದ್ದು ಆ ಪಂದ್ಯ.

ಇನ್ನು ಒಂದೇ ನಂಬರ್ ವಿಷಯ. 90 ಜನ, ಸಾಲದ್ದಕ್ಕೆ ಹಳೆಯ ದಿಗ್ಗಜರ ಗೌರವಕ್ಕೆ ಎತ್ತಿಟ್ಟ ನಂಬರ್‌ಗಳು ಬೇರೆ. ಸಾಕಾಗಲ್ಲ. ಅದಕ್ಕೆ ಆಫೆನ್ಸ್‌ನ ಒಬ್ಬನಿಗೆ, ಡಿಫೆನ್ಸ್‌ನ ಒಬ್ಬನಿಗೆ ಒಂದೇ ನಂಬರ್ ಕೊಟ್ಟಿರುತ್ತಾರೆ. ಇಬ್ಬರೂ ಒಟ್ಟಿಗೆ ಮೈದಾನದಲ್ಲಿ ಇರಲ್ಲವಲ್ಲ. ನೀವು ನೋಡಿದ ಆ ನಂಬರ್ ಬರೆದಿಟ್ಟುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಅದು ಯಾರ ಬೆನ್ನ ಮೇಲಿತ್ತು, ನಮಗೂ ಒಂದು ಸಾಲು ಬರೆಯಿರಿ.