ಆಕೆಗೆ ನಿಮ್ಮ ವಕಾಲತ್ತು ಬೇಕಿಲ್ಲ

ನಮಸ್ಕಾರ,

ಜಮೈಕಾದ ಗಾಯಕಿ ಲೇಡಿ ಸಾ ಬಗ್ಗೆ ನೀವು ಕಳಿಸಿದ ‘ಡ್ಯಾನ್ಸ್‌ಹಾಲ್ ಲೋಕದ ದಿಟ್ಟ ರಾಣಿ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಕೈತೊಳೆದುಕೊಳ್ಳುವಂಥ ಲೇಖನವೂ ಅಲ್ಲ. ಅದಕ್ಕೇ ಇಷ್ಟುದ್ದ ಉತ್ತರ.

ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಲೇಖನ ಶುರುವಿನಿಂದ ಕೊನೆಯವರೆಗೆ ಲೇಡಿ ಸಾ ಪರವಾಗಿ ಕ್ಷಮೆ ಕೇಳುತ್ತಲೇ ಇದೆ. ‘ಹಾಡುಗಳು ಸ್ವಲ್ಪ ಪೋಲಿ, ಆದರೂ...’, ‘ಮಾತು ಒರಟು, ಆದರೂ...’, ‘ಆದರೂ ಕೊನೆಗೆ ದೇವರ ದಾರಿ ಹಿಡಿದಳು’. ಈ ‘ಆದರೂ’ಗಳಿಗೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋದೆ, ಪುಟ ಗಲೀಜಾಯಿತು. ತೊಂಬತ್ತರ ದಶಕದಲ್ಲಿ ವೇದಿಕೆ ಮೇಲೆ ನಿಂತು, ಹಾಸಿಗೆಯಲ್ಲಿ ತನಗೇನು ಬೇಕು, ಎಂಥ ಗಂಡಸು ಬೇಡ ಅಂತ ಮೈಕಿನಲ್ಲೇ ಹೇಳಿದ ಹೆಂಗಸು ಆಕೆ. ಆಗ ಆಕೆ ಯಾರ ಕ್ಷಮೆಯನ್ನೂ ಕೇಳಲಿಲ್ಲ. ಈಗ ನೀವು ಯಾಕೆ ಕೇಳುತ್ತಿದ್ದೀರಿ?

ಮೊದಲ ಎರಡು ಪ್ಯಾರಾ ಪೂರ್ತಿ ತೆಗೆಯಿರಿ. ಅಕ್ಕಮಹಾದೇವಿಯಿಂದ ಹೊರಟು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ತಲುಪುವುದು ತುಂಬಾ ಸುತ್ತು ದಾರಿ. ಅಕ್ಕನಿಗೂ ನ್ಯಾಯ ಸಿಗುವುದಿಲ್ಲ, ಲೇಡಿ ಸಾಗೂ ಸಿಗುವುದಿಲ್ಲ. ನಮ್ಮ ಓದುಗರಿಗೆ ಜಮೈಕಾ ಅಂದರೆ ಬಾಬ್ ಮಾರ್ಲಿ, ಉಸೇನ್ ಬೋಲ್ಟ್, ಆಮೇಲೆ ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಸುರಿಸಿದ ನಮ್ಮ ಗೇಲ್. ಡ್ಯಾನ್ಸ್‌ಹಾಲ್ ಅಂದರೆ ರೆಗ್ಗೆಯಿಂದ ಹುಟ್ಟಿದ ಅಲ್ಲಿನ ಕುಣಿತದ ಸಂಗೀತ ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. ಆ ಜಾಗವನ್ನು ಅದಕ್ಕೆ ಕೊಡಿ.

ಕೊಡುವ ಮೊದಲು ನೀವೂ ಸರಿಯಾಗಿ ತಿಳಿದುಕೊಳ್ಳಬೇಕು. ‘ಲೇಡಿ ಸಾ ಡಿಜೆಯಾಗಿ ರೆಕಾರ್ಡ್ ತಿರುಗಿಸುತ್ತಿದ್ದಳು’ ಅಂತ ಬರೆದಿದ್ದೀರಿ. ನಮ್ಮ ಗಣೇಶನ ಮೆರವಣಿಗೆಯ ಡಿಜೆ ಬೇರೆ. ಜಮೈಕಾದಲ್ಲಿ ರೆಕಾರ್ಡ್ ಹಾಕುವವನು ಸೆಲೆಕ್ಟರ್. ಅದರ ಮೇಲೆ ಮೈಕ್ ಹಿಡಿದು, ಪ್ರಾಸ ಕಟ್ಟಿ, ಮಾತನ್ನೇ ಹಾಡು ಮಾಡುವವರು ಡಿಜೆ. ಹಿಂದಿನ ಸಂಗೀತಕ್ಕೆ ರಿಡಿಮ್ ಅನ್ನುತ್ತಾರೆ. ಒಂದೇ ರಿಡಿಮ್ ಮೇಲೆ ಹತ್ತಾರು ಜನ ತಮ್ಮ ತಮ್ಮ ಹಾಡು ಕಟ್ಟುತ್ತಾರೆ. ಸಂಗೀತ ಎಲ್ಲರಿಗೂ ಒಂದೇ ಆದ್ದರಿಂದ ಗೆಲ್ಲಿಸುವುದು ಬಾಯಿ, ಸಮಯಸ್ಫೂರ್ತಿ, ಧೈರ್ಯ. ಇದನ್ನು ಹೇಳದೆ ‘ಆಕೆ ಗಂಡಸರಿಗೆ ಸವಾಲು ಹಾಕಿದಳು’ ಅಂದರೆ ಓದುಗರಿಗೆ ಏನೂ ಕಾಣಿಸುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಬೇಕಾದರೆ ಬಳಸಿಕೊಳ್ಳಿ. ‘ಸ್ಟಾಲಾಗ್’ ಅಂತ 1973ರ ಒಂದು ರಿಡಿಮ್ ಇದೆ, ಪ್ರೊಡ್ಯೂಸರ್ ವಿನ್‌ಸ್ಟನ್ ರೈಲಿಯದು. ಅದರ ಮೇಲೆ ಟೆನರ್ ಸಾ ಎಂಬ ಗಾಯಕ 1985ರಲ್ಲಿ ‘ರಿಂಗ್ ದಿ ಅಲಾರಂ’ ಹಾಡಿದ. ಮೇರಿಯನ್ ಹಾಲ್ ಎಂಬ ಹುಡುಗಿ ಲೇಡಿ ಸಾ ಅಂತ ಹೆಸರಿಟ್ಟುಕೊಂಡಿದ್ದು ಅವನ ಮೇಲಿನ ಅಭಿಮಾನದಿಂದ. ಅದೇ ರಿಡಿಮ್ ಮೇಲೆ ಅವನಿಗಿಂತ ಮೊದಲೇ, 1982ರಲ್ಲಿ, ಸಿಸ್ಟರ್ ನ್ಯಾನ್ಸಿ ‘ಬ್ಯಾಮ್ ಬ್ಯಾಮ್’ ಹಾಡಿದ್ದಳು. ಹಾಗಾಗಿ ‘ಡ್ಯಾನ್ಸ್‌ಹಾಲ್‌ನ ಮೊದಲ ಮಹಿಳೆ’ ಅನ್ನುವ ನಿಮ್ಮ ಮಾತು ನಿಲ್ಲುವುದಿಲ್ಲ. ಲೇಡಿ ಜಿ, ಶೆಲ್ಲಿ ಥಂಡರ್ ಕೂಡ ಮೊದಲೇ ಬಂದವರು. ಮೊದಲಿಗಳು ಅನ್ನಿಸಿಕೊಳ್ಳುವ ಅಗತ್ಯ ಲೇಡಿ ಸಾಗೆ ಇಲ್ಲ. ಹಿಂದಿನವರನ್ನು ಅಳಿಸಿ ಆಕೆಯನ್ನು ದೊಡ್ಡವಳನ್ನಾಗಿ ಮಾಡಬೇಡಿ.

ನ್ಯಾನ್ಸಿಯ ಕಥೆ ಬಂದರೆ ದುಡ್ಡಿನ ವಿಷಯವೂ ಬರುತ್ತದೆ, ಅದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ‘ಬ್ಯಾಮ್ ಬ್ಯಾಮ್’ ಲೋಕವೆಲ್ಲ ಸುತ್ತಿತು, ಸಿನಿಮಾಗಳಲ್ಲಿ ಬಂತು, ದೊಡ್ಡ ದೊಡ್ಡ ರ‍್ಯಾಪರ್‌ಗಳು ತುಣುಕು ತೆಗೆದು ಬಳಸಿದರು. ಹಾಡಿದವಳಿಗೆ ದಶಕಗಳ ಕಾಲ ರಾಯಲ್ಟಿ ಬರಲಿಲ್ಲ. ಅಮೆರಿಕಕ್ಕೆ ಹೋಗಿ ನ್ಯೂಜೆರ್ಸಿಯಲ್ಲಿ ಬ್ಯಾಂಕ್ ಕೆಲಸ ಮಾಡಿಕೊಂಡಿದ್ದಳು. 2014ರಲ್ಲಿ ಟಿವಿ ಜಾಹೀರಾತಿನಲ್ಲಿ ತನ್ನ ದನಿ ಕೇಳಿದ ಮೇಲೆ ವಕೀಲರನ್ನು ಹಿಡಿದಳು. ಇದು ಎರಡೇ ಸಾಲಿನಲ್ಲಿ ಬಂದರೂ ಸಾಕು.

‘ಪುರುಷಪ್ರಧಾನ ಕ್ಷೇತ್ರ’ ಅನ್ನುವ ಮಾತು ಪುಟಪುಟಕ್ಕೂ ಬರುತ್ತದೆ, ಆದರೆ ಲೇಖನದೊಳಗೆ ಒಬ್ಬ ಪುರುಷನೂ ಇಲ್ಲ! ಯಾರು ಅವರು? ಸ್ಪೀಕರ್ ಯಾರದು, ಮೈಕ್ ಯಾರ ಕೈಯಲ್ಲಿತ್ತು? ಸೌಂಡ್ ಸಿಸ್ಟಂ ಅಂದರೆ ಬೀದಿಯಲ್ಲೋ ಬಯಲಿನಲ್ಲೋ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಪೇರಿಸಿ ರಾತ್ರಿಯಿಡೀ ನಡೆಸುವ ಕುಣಿತ. ಮಾಲೀಕ, ಸೆಲೆಕ್ಟರ್, ಪ್ರೊಡ್ಯೂಸರ್ ಬಹುತೇಕ ಗಂಡಸರೇ. ಮೈಕ್ ಒಬ್ಬನಿಂದ ಇನ್ನೊಬ್ಬನಿಗೆ ಹೋಗುತ್ತದೆ. ಆ ಸಾಲಿನಲ್ಲಿ ಹುಡುಗಿಗೆ ಅದು ಸಿಗುವುದೇ ಕಷ್ಟ. ಸಿಕ್ಕಾಗ ಜನ ಕೂಗಿ ರೆಕಾರ್ಡನ್ನು ಮತ್ತೆ ಮೊದಲಿನಿಂದ ಹಾಕಿಸದಿದ್ದರೆ ಮುಂದಿನ ಸಲ ಸಿಗುವುದಿಲ್ಲ. (ಸುಮ್ನೆ ಒಂದು ವಿಷಯ: 1985ರಲ್ಲಿ ಡ್ಯಾನ್ಸ್‌ಹಾಲನ್ನು ಕಂಪ್ಯೂಟರ್ ಯುಗಕ್ಕೆ ತಳ್ಳಿದ ‘ಸ್ಲೆಂಗ್ ಟೆಂಗ್’ ರಿಡಿಮ್ ಹುಟ್ಟಿದ್ದು ಕ್ಯಾಸಿಯೊ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ ಒಂದು ತಾಳದಿಂದ. ಆ ತಾಳ ಮಾಡಿದ್ದು ಹಿರೋಕೊ ಒಕುಡಾ ಎಂಬ ಜಪಾನಿ ಹೆಣ್ಣುಮಗಳು.)

ಈ ಗಂಡಸರು ಏನು ಹಾಡುತ್ತಿದ್ದರು ಅಂತಲೂ ಬರೆಯಿರಿ. 1979ರಲ್ಲಿ ಜನರಲ್ ಎಕೋ ‘ದ ಸ್ಲ್ಯಾಕೆಸ್ಟ್’ ಅಂತಲೇ ಆಲ್ಬಂ ತಂದ. ಪೋಲಿ ಹಾಡು, ಪೋಲಿ ನಡತೆಗೆ ಅಲ್ಲಿ ಸ್ಲ್ಯಾಕ್‌ನೆಸ್ ಅನ್ನುತ್ತಾರೆ. ಆಮೇಲೆ ಯೆಲ್ಲೋಮ್ಯಾನ್ ಅದೇ ದಾರಿಯಲ್ಲಿ ಮೆರೆದ. ಶಬ್ಬಾ ರ‍್ಯಾಂಕ್ಸ್‌ಗೆ 1992, 1993ರಲ್ಲಿ ಬೆನ್ನುಬೆನ್ನಿಗೆ ಗ್ರ್ಯಾಮಿ ಬಂತು, ಎರಡನೇ ಆಲ್ಬಂ ಹೆಸರೇ ‘ಎಕ್ಸ್‌ಟ್ರಾ ನೇಕೆಡ್’. ಗಂಡಸರನ್ನೂ ಬೈದವರಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಗಂಡಸು ಹಾಡಿದರೆ ತುಂಟತನ, ಹೆಂಗಸು ಹಾಡಿದರೆ ನಾಡಿಗೇ ಅವಮಾನ ಅನ್ನುವ ಲೆಕ್ಕ ಜಾಸ್ತಿ ಇತ್ತು. ಕೆಲವು ಕಡೆ ಲೇಡಿ ಸಾ ಕಾರ್ಯಕ್ರಮವನ್ನೇ ಬೇಡ ಅಂದರು.

ಅದಕ್ಕೆ ಆಕೆ ಕೊಟ್ಟ ಉತ್ತರ ನಿಮ್ಮ ಲೇಖನದ ನಡುಮನೆಯಲ್ಲಿ ಇರಬೇಕಿತ್ತು. ನೀವು ಅದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಿ! 1996ರ ‘ವಾಟ್ ಈಸ್ ಸ್ಲ್ಯಾಕ್‌ನೆಸ್’ ಹಾಡಿನಲ್ಲಿ ಆಕೆ ತನ್ನನ್ನು ಸಮರ್ಥಿಸಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ರಿಪೇರಿಯಾಗದ ರಸ್ತೆ, ಮಾತು ತಪ್ಪುವ ಸರ್ಕಾರ, ಬಂದೂಕು ಹಂಚುವ ರಾಜಕಾರಣಿ, ಇದು ಪೋಲಿತನ ಅನ್ನುತ್ತಾಳೆ. ಬಂದೂಕಿನ ಮಾತು ಸುಮ್ಮನೆ ಬಂದಿದ್ದಲ್ಲ. ಜಮೈಕಾದ ಎರಡು ದೊಡ್ಡ ಪಕ್ಷಗಳು ಕಿಂಗ್‌ಸ್ಟನ್ನಿನ ಬಡ ಕೇರಿಗಳನ್ನು ಹಂಚಿಕೊಂಡು ಹುಡುಗರ ಕೈಗೆ ಆಯುಧ ಕೊಟ್ಟಿದ್ದವು. 1980ರ ಚುನಾವಣೆಯ ವರ್ಷ ಸುಮಾರು 800 ಜನ ಸತ್ತರು. ಇಷ್ಟು ಹಿನ್ನೆಲೆ ಇದ್ದರೆ ಓದುಗರಿಗೆ ಆ ಹಾಡು ತಾನೇ ಕೇಳಿಸುತ್ತದೆ. ‘ಸಾಮಾಜಿಕ ಕಳಕಳಿಯೂ ಇತ್ತು’ ಅನ್ನುವ ನಿಮ್ಮ ಸಾಲು ಬೇಕಾಗುವುದೇ ಇಲ್ಲ.

ಈಗ ನನಗೆ ನಿಜವಾಗಿ ಇಷ್ಟವಾದ ಜಾಗ. ಮೂರನೇ ಪುಟದಲ್ಲಿ, ಹಾದುಹೋಗುತ್ತಾ, ‘ಸೇಂಟ್ ಮೇರಿ ಜಿಲ್ಲೆಯ ಗಲೀನಾದಿಂದ ಬಂದ ಆಕೆ ಕಿಂಗ್‌ಸ್ಟನ್‌ನ ಫ್ರೀ ಝೋನಿನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು’ ಅಂತ ಬರೆದಿದ್ದೀರಿ. ಲೇಖನ ಇಲ್ಲಿಂದ ಶುರುವಾಗಲಿ. ಫ್ರೀ ಝೋನ್ ಅಂದರೆ ಸುಂಕ ವಿನಾಯಿತಿಯ ರಫ್ತು ವಲಯ. ಅಮೆರಿಕದ ಅಂಗಡಿಗಳಿಗೆ ಬಟ್ಟೆ ಹೊಲಿಯುವ ಫ್ಯಾಕ್ಟರಿಗಳು ಅಲ್ಲಿದ್ದವು, ಕೂತವರು ಬಹುಪಾಲು ಹೆಂಗಸರು, ಸಂಬಳ ಕಡಿಮೆ. ಪೀಣ್ಯದ ಗಾರ್ಮೆಂಟ್ಸ್ ಗೊತ್ತಿರುವ ಓದುಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಹದಿಹರೆಯದಲ್ಲೇ ಊರಿನ ಸೌಂಡ್ ಸಿಸ್ಟಂಗಳಲ್ಲಿ ಮೈಕ್ ಹಿಡಿದಿದ್ದ ಹುಡುಗಿ ಈ ಮಿಷನ್ ಮುಂದಿನಿಂದ ಎದ್ದು 1994ರ ‘ಲವರ್ ಗರ್ಲ್’ ಆಲ್ಬಂವರೆಗೆ ಹೇಗೆ ಬಂದಳು? ಕಥೆ ಇದು. ನೀವು ಇದನ್ನು ‘ಕಷ್ಟಪಟ್ಟು ಮೇಲೆ ಬಂದಳು’ ಅಂತ ಮೂರೇ ಪದದಲ್ಲಿ ಮುಗಿಸಿದ್ದೀರಿ.

ಒಂದು ಇಸವಿ ತಪ್ಪು. ಅಮೆರಿಕದ ನೋ ಡೌಟ್ ರಾಕ್ ತಂಡದ ಜೊತೆ ಹಾಡಿದ ‘ಅಂಡರ್‌ನೀತ್ ಇಟ್ ಆಲ್’ ಹಾಡು ಬಿಡಿಯಾಗಿ ಬಂದಿದ್ದು 2002ರಲ್ಲಿ, ಗ್ರ್ಯಾಮಿ ಬಂದಿದ್ದು 2004ರಲ್ಲಿ. ಅದನ್ನು ‘ಕೊನೆಗೂ ಸಿಕ್ಕ ಮನ್ನಣೆ’ ಅನ್ನಬೇಡಿ. ಅಷ್ಟು ಹೊತ್ತಿಗೆ ಆಕೆಯ ಊರಿನವರು ಹತ್ತು ವರ್ಷ ಮನ್ನಣೆ ಕೊಟ್ಟಾಗಿತ್ತು. ‘ವಿದ್ವಾಂಸರು ಗಮನಿಸಲಿಲ್ಲ’ ಅನ್ನುವುದೂ ಸರಿಯಲ್ಲ. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಕ್ಯಾರೊಲಿನ್ ಕೂಪರ್ ಆಕೆಯ ಹಾಡುಗಳ ಬಗ್ಗೆ ಗಂಭೀರವಾಗಿ ಬರೆದಿದ್ದಾರೆ. ಹುಡುಕಿ ಓದಿ.

ಇನ್ನು ಆ ಕೊನೆಯ ಭಾಗ. 2015ರ ಡಿಸೆಂಬರಿನಲ್ಲಿ ಆಕೆ ದೀಕ್ಷಾಸ್ನಾನ ಪಡೆದು ಡ್ಯಾನ್ಸ್‌ಹಾಲ್ ಬಿಟ್ಟಳು. ಈಗ ಮಿನಿಸ್ಟರ್ ಮೇರಿಯನ್ ಹಾಲ್ ಎಂಬ ಹೆಸರಿನಲ್ಲಿ ಧರ್ಮಪ್ರಚಾರ ಮಾಡುತ್ತಾಳೆ, ಗಾಸ್ಪೆಲ್ ಹಾಡುತ್ತಾಳೆ. ಹಳೆಯ ಹಾಡುಗಳನ್ನು ಆಕೆಯೇ ದೂರ ಇಟ್ಟಿದ್ದಾಳೆ. ಇದು ನಿಜ, ಮುಚ್ಚಿಡಬೇಕಿಲ್ಲ. ಆದರೆ ನೀವು ಇದನ್ನು ಸುಖಾಂತ್ಯ ಮಾಡಿಬಿಟ್ಟಿದ್ದೀರಿ, ದಾರಿ ತಪ್ಪಿದವಳು ಮನೆಗೆ ಬಂದ ಹಾಗೆ. ತನ್ನ ಹಾಡನ್ನು ಬೇಡ ಅನ್ನುವ ಹಕ್ಕು ಆಕೆಗಿದೆ. ಆ ಹಾಡು ಕೇಳಿ ಕುಣಿದ, ಕಾಂಡೋಮ್ ಬಗ್ಗೆ ಆಕೆ ಹಾಡಿದ್ದನ್ನು ಕೇಳಿ ನಕ್ಕು ಆಮೇಲೆ ಯೋಚಿಸಿದ ಹೆಂಗಸರ ಪರವಾಗಿ ಅದನ್ನು ಬೇಡ ಅನ್ನುವ ಹಕ್ಕು ನಿಮಗಿಲ್ಲ, ಅಲ್ವಾ? ಜೊತೆಗೆ, ಮಕ್ಕಳಾಗದ ಹೆಣ್ಣೂ ಹೆಣ್ಣೇ ಅಂತ 2007ರ ‘ವಾಕ್ ಔಟ್’ ಆಲ್ಬಂನಲ್ಲಿ ಒಂದು ಹಾಡಿದೆ. ಅದು ದೀಕ್ಷೆಗಿಂತ ಎಂಟು ವರ್ಷ ಹಿಂದಿನದು. ನಿಮ್ಮ ‘ಮೊದಲು ಪಾಪಿ, ಆಮೇಲೆ ಭಕ್ತೆ’ ಲೆಕ್ಕಕ್ಕೆ ಆ ಹಾಡು ಕೂರುವುದಿಲ್ಲ. ಲೆಕ್ಕ ಬಿಡಿ, ಹಾಡು ಇಟ್ಟುಕೊಳ್ಳಿ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಕನ್ನಡ ಚೆನ್ನಾಗಿದೆ, ಹೊಗಳುವಾಗ ಮಾತ್ರ ಕೆಡುತ್ತದೆ. ‘ದಿಟ್ಟ’, ‘ಬೆಂಕಿ’, ‘ಬಿರುಗಾಳಿ’ ಮೂರನ್ನೂ ತೆಗೆದು ಓದಿ ನೋಡಿ, ಏನೂ ಕಳೆದುಹೋಗಿರುವುದಿಲ್ಲ.

ತಿದ್ದಿ ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿ, ಜಾಗ ಇಟ್ಟಿರುತ್ತೇನೆ. ಒಂದೂವರೆ ಸಾವಿರ ಪದ ಮೀರದಿರಲಿ. ಫೋಟೋ ನಾವೇ ನೋಡಿಕೊಳ್ಳುತ್ತೇವೆ. ನೀವು ಜೊತೆಗೆ ಕಳಿಸಿರುವ ನೀಲಿ ಕೂದಲಿನ ಚಿತ್ರ ಲೇಡಿ ಸಾ ಅಲ್ಲ, ಅದು ಸ್ಪೈಸ್ ಎಂಬ ಇನ್ನೊಬ್ಬ ಜಮೈಕಾ ಗಾಯಕಿ.

ವಿಶ್ವಾಸದಿಂದ,
ಸಂಪಾದಕ