ಇರಾನಿನ ಹೋರ್ಮುಜ್ ದ್ವೀಪದಲ್ಲಿ ನೋಡುವಂಥದ್ದು ಏನಿದೆ?

ತೈಲ ಹಡಗುಗಳ ಸುದ್ದಿ ಬಂದಾಗಲೆಲ್ಲ ಹೋರ್ಮುಜ್ ಜಲಸಂಧಿಯ ಹೆಸರು ಕೇಳುತ್ತೀರಿ, ಅಲ್ವಾ? ಅಲ್ಲೇ, ಬಂದರ್ ಅಬ್ಬಾಸ್ ಊರಿನ ಎದುರಿಗೆ, ಸುಮಾರು 42 ಚದರ ಕಿ.ಮೀ.ಯ ಈ ದ್ವೀಪವಿದೆ. ನೆಲದಡಿಯ ಉಪ್ಪು ಮೇಲೆದ್ದು ಬಂದು ಆದ ಜಾಗ ಇದು, ಹಾಗಾಗಿ ಗುಡ್ಡಗಳಲ್ಲಿ ಕೆಂಪು, ಹಳದಿ, ಬಿಳಿ ಪಟ್ಟೆಗಳು. ಕುಡಿಯುವ ನೀರಿಗೆ ಮಾತ್ರ ಹಿಂದಿನಿಂದಲೂ ಕಷ್ಟ.

ಇಂಥ ಬರಡು ನೆಲ ಒಂದು ಕಾಲಕ್ಕೆ ಭಾರೀ ಶ್ರೀಮಂತವಾಗಿತ್ತು! ಸುಮಾರು 1300ರಲ್ಲಿ ಹೋರ್ಮುಜಿನ ಅರಸರು ದಾಳಿಗಳಿಗೆ ಹೆದರಿ ಮುಖ್ಯ ನೆಲ ಬಿಟ್ಟು ಇಲ್ಲಿಗೆ ಬಂದರು, ಆಮೇಲೆ ಮುತ್ತು, ಮಸಾಲೆ, ಕುದುರೆಗಳ ವ್ಯಾಪಾರ ಜೋರಾಯಿತು. ವಿಜಯನಗರದ ಸೈನ್ಯಕ್ಕೂ ಇಲ್ಲಿಂದ ಕುದುರೆಗಳು ಬರುತ್ತಿದ್ದವು. ಹಂಪಿಯ ವೈಭವ ಬರೆದಿಟ್ಟ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಭಾರತಕ್ಕೆ ಹಡಗು ಹತ್ತಿದ್ದೂ ಇಲ್ಲಿಂದಲೇ. 1507ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ದಾಳಿ ಮಾಡಿದ, 1515ರಲ್ಲಿ ಪೂರ್ತಿ ಹಿಡಿದ. 1622ರಲ್ಲಿ ಪರ್ಷಿಯಾದ ದೊರೆ ಷಾ ಅಬ್ಬಾಸನ ಸೈನ್ಯ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಜೊತೆ ಸೇರಿ ಪೋರ್ಚುಗೀಸರನ್ನು ಓಡಿಸಿತು, ವ್ಯಾಪಾರ ಬಂದರ್ ಅಬ್ಬಾಸಿಗೆ ಹೋಯಿತು.

ಪೋರ್ಚುಗೀಸರ ಪಾಳುಕೋಟೆ, ಕಾಮನಬಿಲ್ಲಿನ ಕಣಿವೆ, ಕೆಂಪು ಕಡಲತೀರ ನೋಡಿ. ಕಬ್ಬಿಣದಂಶದ ಆ ಕೆಂಪು ಮಣ್ಣನ್ನು ಅಲ್ಲಿಯವರು ಮೀನಿನ ಗೊಜ್ಜಿಗೂ ಹಾಕುತ್ತಾರೆ! ಬೇಸಿಗೆಯಲ್ಲಿ ಹೋಗಬೇಡಿ, ಸೆಕೆ ವಿಪರೀತ ಜಾಸ್ತಿ.